ಅತ್ತೆಯ ಐದು ವರ್ಷದ ಜಡೆ

ರಾಣೇಬೆನ್ನೂರು,
ರವಿವಾರ, ೧೬ನೆಯ ಫೆಬ್ರುವರಿ ೧೯೪೧

ಪ್ರೀತಿಯ ಸುಲಭಾ,

ಹೇಗಿದ್ದೀ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ? ಜಬಲ್ಪುರದ ಚಳಿ ಇಳಿಯಿತೇ? ಮಗಳ ಬಾಣಂತನದ ನಡುವೆ ತಾಯಿ ಹೋದ ತಂತಿ ಬಂದರೆ ಹೆಂಗಸಿಗೆ ಅಳುವುದಕ್ಕೂ ಬಿಡುವು ಸಿಗುವುದಿಲ್ಲ. ಕೂಸಿಗೆ ಎಣ್ಣೆ-ನೀರು, ಬಾಣಂತಿಗೆ ಪಥ್ಯ, ಮನೆಯವರಿಗೆ ರೇಲ್ವೆಯ ಡ್ಯೂಟಿಗೆ ಡಬ್ಬಿ, ಇವೆಲ್ಲ ಮುಗಿದ ಮೇಲೆ ನೀನು ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಅತ್ತಿರಬೇಕು. ಬರಲಿಕ್ಕಾಗಲಿಲ್ಲವಲ್ಲ ಎಂದು ನಿನ್ನನ್ನು ನೀನು ಬೈದುಕೊಳ್ಳಬೇಡ. ಹೊರಟಿದ್ದರೂ ಮೂರನೆಯ ದಿನ ತಲುಪುತ್ತಿದ್ದಿ. ನೀನು ನನಗೆ ನಾದಿನಿ. ಆದರೆ ಅದಕ್ಕಿಂತ ಮೊದಲು ಆರು ವರ್ಷ ಒಂದೇ ಬೆಂಚಿನ ಗೆಳತಿ. ಈ ಪತ್ರವನ್ನು ಗೆಳತಿಗೆ ಬರೆಯುತ್ತಿದ್ದೇನೆ. ಓದಿದ ಮೇಲೆ ಸಾವಿನ ಪತ್ರವೆಂದು ಹರಿದು ಒಗೆಯಬೇಡ.

ಇದನ್ನು ನಾಲ್ಕು ಸಲ ಶುರುಮಾಡಿ ಹರಿದಿದ್ದೇನೆ. ಮೊದಲನೆಯದನ್ನು ಇಂಗ್ಲಿಷಿನಲ್ಲಿ ಬರೆದಿದ್ದೆ. ಧಾರವಾಡದ ನಮ್ಮ ಶಾಲೆಯಲ್ಲಿ ಮೇಡಂ ಬರೆಸುತ್ತಿದ್ದ ಸಂತಾಪಪತ್ರ ನೆನಪಿದೆಯೇ? ಯಾರದೋ ತಾಯಿಯನ್ನು ಸಾಯಿಸಿ, ಮೂರು ಪ್ಯಾರಾಗಳಲ್ಲಿ ದುಃಖ ತೋಡಿಕೊಳ್ಳಬೇಕಿತ್ತು. ನಿನಗೆ ಹತ್ತಕ್ಕೆ ಎಂಟು ಬಂತು. ನನಗೆ ಆರು, 'ಭಾವನೆ ಸಾಲದು' ಎಂದು ಕೆಂಪು ಶಾಯಿಯ ಷರಾ ಬೇರೆ. ಮೊನ್ನೆ ಆ ಮೂರು ಪ್ಯಾರಾ ಸರಾಗವಾಗಿ ಬಂದುಬಿಟ್ಟವು, ಸುಲಭಾ. ನೆಮ್ಮದಿ, ಚಿರಶಾಂತಿ, ಈಶ್ವರೇಚ್ಛೆ. ಓದಿ ನೋಡಿದರೆ ಅದರಲ್ಲಿ ನಿನ್ನ ತಾಯಿ ಎಲ್ಲಿಯೂ ಇರಲಿಲ್ಲ. ನನಗಿರುವ ಸಿಟ್ಟೂ ಇರಲಿಲ್ಲ. ಸತ್ತವರ ಮನೆಯಿಂದ ಸಿಟ್ಟಿನ ಪತ್ರ ಬರೆಯಬಹುದೋ ಬಾರದೋ ಎಂದು ಎರಡು ದಿನ ಯೋಚಿಸಿದೆ. ಬರೆಯದಿದ್ದರೆ ಒಂದು ಸುಳ್ಳು ನಿನ್ನ ಮನೆಯಲ್ಲಿ ಕಾಯಮ್ಮಾಗಿ ಕೂತುಬಿಡುತ್ತದೆ ಅನ್ನಿಸಿದ್ದರಿಂದ ಬರೆಯುತ್ತಿದ್ದೇನೆ.

ನಿನ್ನ ಅಣ್ಣ ಬರೆದದ್ದು ಇಷ್ಟರಲ್ಲಿ ನಿನಗೆ ಮುಟ್ಟಿರಬೇಕು. ಹದಿಮೂರನೆಯ ದಿನ ಮುಗಿದ ಮರುದಿನ ಅದನ್ನು ಅಂಚೆಗೆ ಹಾಕಿದರು. ಹಾಕುವ ಮೊದಲು ನನಗೆ ಓದಿ ತೋರಿಸಿದರು. ಅದರಲ್ಲೊಂದು ಸಾಲಿದೆ: 'ಅವ್ವ ಕಡೆಗೆ ತಾನಾಗಿಯೇ ಕೇಳಿಕೊಂಡಂತೆ ಕೇಶವಪನವಾಗಿ, ಶುದ್ಧಳಾಗಿ ಹೋದಳು, ಇದು ನಮ್ಮೆಲ್ಲರ ಪುಣ್ಯ.' ಸುಲಭಾ, ಆ ಸಾಲು ಸುಳ್ಳು. ನಿನ್ನ ತಾಯಿ ಏನನ್ನೂ ಕೇಳಿಕೊಳ್ಳಲಿಲ್ಲ. ಅವರ ತಲೆ ಬೋಳಿಸಿದ್ದು ಅವರು ಸತ್ತು ಏಳು ತಾಸಾದ ಮೇಲೆ. ಇದನ್ನು ಮೆತ್ತಗೆ ಹೇಳುವ ದಾರಿ ನನಗೆ ತಿಳಿಯಲಿಲ್ಲ, ಕ್ಷಮಿಸು.

ಆ ತಲೆಯ ಕಥೆ ನನಗಿಂತ ನಿನಗೇ ಹೆಚ್ಚು ಗೊತ್ತು. ನಿನ್ನ ತಂದೆ ತೀರಿಕೊಂಡ ವರ್ಷ ರಜೆಗೆ ಮನೆಗೆ ಹೋದ ನೀನು, ಕೆಂಪು ಸೀರೆಯ ಸೆರಗು ಹೊದ್ದು ಹಿತ್ತಲಲ್ಲಿ ಕೂತವರನ್ನು ಯಾರೋ ಮುದುಕಿ ಎಂದು ತಿಳಿದು ದಾಟಿ ಒಳಗೆ ಹೋಗಿದ್ದಿ. ಆಗ ಅವರಿಗೆ ಮೂವತ್ತೊಂದು ವರ್ಷ. ಬೋರ್ಡಿಂಗಿಗೆ ಮರಳಿ ಬಂದು ನನಗದನ್ನು ಹೇಳಿದ್ದಿ. ಮತ್ತೆಂದೂ ಆ ಮಾತು ಎತ್ತಲಿಲ್ಲ. ಅಲ್ಲಿಂದ ಇಪ್ಪತ್ತೈದು ವರ್ಷ, ಹದಿನೈದು ದಿನಕ್ಕೊಮ್ಮೆ, ಹಜಾಮರ ಗುಡದಪ್ಪ ಹಿತ್ತಲ ಬಾಗಿಲಿಗೆ ಬಂದು ಕೂರುತ್ತಿದ್ದ. ಐದು ವರ್ಷದ ಹಿಂದೆ ವಿಷಮಜ್ವರ ಬಂದಾಗ ಡಾಕ್ಟರು ಮೂರು ತಿಂಗಳು ತಲೆಗೆ ಕತ್ತಿಯನ್ನೂ ತಣ್ಣೀರನ್ನೂ ತಾಗಿಸಬೇಡಿ ಎಂದರು. ಜ್ವರ ಬಿಟ್ಟು ಎದ್ದು ಕೂತ ದಿನ ಅತ್ತೆ ತಲೆಯ ಮೇಲೆ ಕೈಯಾಡಿಸಿಕೊಂಡು ಕನ್ನಡಿ ತರಿಸಿದರು. ನೋಡಿಕೊಂಡು, "ನಾ ಬಿಟ್ಟಾಗ ಕರ್ರಗ ಇದ್ವು. ಯಾವಾಗ ಬೆಳ್ಳಗಾದ್ವೋ, ನನಗ ಒಂದು ಮಾತೂ ಹೇಳ್ಲಿಲ್ಲ ನೋಡು" ಎಂದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರೇ ಮೊದಲು ನಕ್ಕರು. ಮುಂದಿನ ಸಲ ಗುಡದಪ್ಪ ಬಂದಾಗ, "ಇನ್ನ ಬರಬ್ಯಾಡಪಾ, ತಲಿ ಬೆಚ್ಚಗ ಇರಲಿ" ಎಂದು ಕಳಿಸಿದರು. ಅಷ್ಟೇ. ಸುಧಾರಣೆ, ಸ್ತ್ರೀಯರ ಹಕ್ಕು, ಇಂಥ ನಮ್ಮ ಶಾಲೆಯ ಮಾತು ಒಂದನ್ನೂ ಅವರು ಆಡಲಿಲ್ಲ. ನಾನು ಬ್ಯಾಡಗಿಯ ಪೇಟೆಯಿಂದ ತಲೆ ಬಾಚಲು ಕಟ್ಟಿಗೆಯ ಹಣಿಗೆ ತಂದುಕೊಟ್ಟಾಗ, ಹೊಸ ಕಾಗದ ಬಂದವರ ಹಾಗೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

ಐದು ವರ್ಷ ಅದಕ್ಕೆ ಅವರು ಏನೇನು ತೆತ್ತರು ನಿನಗೆ ಪೂರ್ತಿ ಗೊತ್ತಿಲ್ಲ, ಪತ್ರದಲ್ಲಿ ಬರೆಸುತ್ತಿರಲಿಲ್ಲ. ದೇವರ ನೈವೇದ್ಯ ಅವರ ಕೈಯಿಂದ ತಪ್ಪಿತು. ಪಂಕ್ತಿಯಲ್ಲಿ ಬಡಿಸುವುದು ತಪ್ಪಿತು. ಬ್ಯಾಡಗಿಯ ಕೃಷ್ಣಾಜಿ ಕಾಕಾ ತಮ್ಮ ಮೆಣಸಿನಕಾಯಿ ವ್ಯಾಪಾರದ ತಂಟೆ ಬಂದಾಗಲೆಲ್ಲ ನಿನ್ನ ಅಣ್ಣನ ಕಡೆಯಿಂದ ಕೋರ್ಟಿನ ಅರ್ಜಿ ಬರೆಸಲು ಬರುವರು, ಆದರೆ ಮನೆಯ ನೀರು ಮುಟ್ಟರು. ಒಮ್ಮೆ ಬಿರುಬಿಸಿಲಲ್ಲಿ ಬಂದು ಕೂತಾಗ ಅತ್ತೆ ಒಳಗಿನಿಂದಲೇ, "ಕೃಷ್ಣಾಜಿ, ಬಾವಿ ನೀರು ನಾನ ಸೇದೇನಿ. ನಿನಗ ಬ್ಯಾಡಂದ್ರ ಬ್ಯಾಡಗಿ ತನಕಾ ಬಾಯಿ ಒಣಗಿಸಿಕೊಂಡು ಹೋಗು" ಎಂದಿದ್ದರು. ಕಾಕಾ ಅವರಿಗೆ ಮೈದುನ, ಅತ್ತಿಗೆಯೆಂದರೆ ಹೆದರುತ್ತಿದ್ದರು. ಈ ದೀಪಾವಳಿಯಲ್ಲಿ ಕಾಕಾನ ಕಿರಿಯ ಮಗ ಹೋದನಲ್ಲ, ಅವನ ಹೆಂಡತಿ ತುಂಗಾಳ ತಲೆಯ ಮಾತು ಬಂದಾಗ ಅತ್ತೆಯೇ ರೇಲ್ವೆ ಹತ್ತಿ ಬ್ಯಾಡಗಿಗೆ ಹೋದರು. "ಇಪ್ಪತ್ತಮೂರು ವರ್ಷದ ಹುಡಿಗಿ. ಆಕಿ ತಲಿಗೆ ಕೈ ಹಚ್ಚಿದರ ನಾ ನಿನ್ನ ತಲಬಾಗಲದಾಗ ಕೂದಲಾ ಬಿಟಗೊಂಡು ಕೂಡ್ತೀನಿ, ಪೇಟಿಯೊಳಗಿನ ಮಂದಿ ಎಲ್ಲಾ ನೋಡಲಿ" ಎಂದು ಹೇಳಿ, ಅದೇ ಸಂಜೆಯ ಗಾಡಿಗೆ ಮರಳಿ ಬಂದರು. ಅದರ ನಂತರ ಕಾಕಾ ಆ ಮಾತು ಎತ್ತಿರಲಿಲ್ಲ.

ಜನವರಿ ಮೂವತ್ತರ ಗುರುವಾರ, ದೀಪ ಹಚ್ಚುವ ಹೊತ್ತಿಗೆ ಅತ್ತೆಯ ಎದೆನೋವು ಸ್ವಲ್ಪ ಇಳಿದಿತ್ತು. ನನ್ನನ್ನು ಕರೆದು, "ಇಂದಿರಾ, ಜಡಿ ಹಾಕು. ಕೂದಲಾ ಮಾರಿ ಮ್ಯಾಲೆ ಬರ್ತಾವ" ಎಂದರು. ಹಾಕಿದೆ. ಸಣ್ಣ ಜಡೆ, ನನ್ನ ಗೇಣಿಗೆ ಎರಡು ಬೆರಳು ಹೆಚ್ಚು. "ಬಿಗೀ ಹಾಕು, ಬಿಚ್ಚಬಾರದು" ಎಂದರು. ನೀನು ತಿಳಿದುಕೊಳ್ಳಬೇಕಾದ ಕೊನೆಯ ಮಾತು ಇದು, ಸುಲಭಾ. ಇದಾದ ಮೇಲೆ ಅವರು ಆಡಿದ್ದು ನೀರು ಬೇಕು ಎಂದಷ್ಟೇ. ಬೆಳಗಿನ ಐದಕ್ಕೆ ಉಸಿರು ನಿಂತಿತು. ನಿನ್ನ ಹೆಸರು ಹಿಡಿದು ಕರೆದರು ಎಂದು ಬರೆಯಲು ನನಗೂ ಆಸೆ, ಆದರೆ ಕರೆಯಲಿಲ್ಲ. ಒಂದು ಸುಳ್ಳನ್ನು ತೆಗೆಯಲು ಕೂತವಳು ಇನ್ನೊಂದನ್ನು ಹೇಗೆ ಇಡಲಿ?

ಒಂಬತ್ತಕ್ಕೆ ಕಾಕಾ ಬಂದರು. ಪಡಸಾಲೆಯಲ್ಲಿ ಹತ್ತು ಹನ್ನೆರಡು ಜನ ಗಂಡಸರು ಕೂತಿದ್ದರು. ಆಚಾರ್ಯರು ಒಮ್ಮೆ ಒಳಗೆ ಇಣುಕಿ ನೋಡಿ ಹೊರಗೆ ಬಂದು, "ತಲಿಮ್ಯಾಲೆ ಕೂದಲಾ ಇದ್ದ ವಿಧವಾ ಹೆಣಕ್ಕ ಮಂತ್ರ ಹೇಳ್ಲಿಕ್ಕೆ ನನಗ ಅಧಿಕಾರ ಇಲ್ಲ. ಹೆಗಲು ಕೊಡ್ಲಿಕ್ಕೂ ಯಾರೂ ಬರೂದಿಲ್ಲ" ಎಂದು ಸಾವಕಾಶ ಹೇಳಿ ಗೋಡೆಗೆ ಒರಗಿ ಕೂತರು. ಕಾಕಾ, "ಗಂಗಾಧರ, ನೀ ವಕೀಲ ಇದ್ದೀ, ನೀ ಹೇಳು" ಎಂದರು. ನಿನ್ನ ಅಣ್ಣ ಹೋದ ವರ್ಷ ಹಾವೇರಿಯ ವಾಚನಾಲಯದಲ್ಲಿ ಹಿಂದೂ ವಿಧವೆಯರ ಸ್ಥಿತಿಯ ಮೇಲೆ ಮುಕ್ಕಾಲು ತಾಸು ಭಾಷಣ ಮಾಡಿದವರು. ಭಾಷಣ ತಿದ್ದಿಕೊಟ್ಟವಳು ನಾನು. ಚಪ್ಪಾಳೆ ಬಿದ್ದಲ್ಲಿ ನನ್ನ ವಾಕ್ಯ ಯಾವುದು, ಅವರ ವಾಕ್ಯ ಯಾವುದು ಎಂದು ಎಣಿಸುತ್ತ ಕೂತಿದ್ದೆ. ಅದೇ ಬಾಯಿ ಅವತ್ತು, "ನಿಮಗ ಹ್ಯಾಂಗ ಯೋಗ್ಯ ಅನಸ್ತದೋ ಹಂಗ ಮಾಡ್ರಿ ಕಾಕಾ" ಎಂದಿತು. ಎಂದವರೇ ಗಡಿಯಾರ ನೋಡಿದರು. ಹೆಣ ಏಳುವ ತನಕ ಓಣಿಯಲ್ಲಿ ಯಾರ ಮನೆಯಲ್ಲೂ ಒಲೆ ಹಚ್ಚುವಂತಿಲ್ಲ. ಪಕ್ಕದ ಮನೆಯ ಜಯವ್ವ ಹಿತ್ತಲ ಗೋಡೆಯ ಮೇಲಿಂದ ನೋಡಿ, "ಅಲ್ರೀ, ಸತ್ತಾಕಿನ್ನ ನೆಲದ ಮ್ಯಾಲ ಹಾಕಿ ಪಂಚಾಯ್ತಿ ಮಾಡಾಕತ್ತೀರಲ್ಲ, ಒಬ್ಬರಿಗರ ತಾಯಿ ಇಲ್ಲೇನ್ರಿ ನಿಮಗ?" ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದಳು.

ಗುಡದಪ್ಪನನ್ನು ಕರೆಸಿದರು. ಬಂದ. ಆದರೆ ಒಳಗೆ ಬರಲಿಲ್ಲ. ಚೀಲವನ್ನು ಬಗಲಲ್ಲಿ ಇಟ್ಟುಕೊಂಡೇ ಹಿತ್ತಲ ಬೇವಿನ ಬುಡದಲ್ಲಿ ನಿಂತ. "ಅವ್ವಾರು ಬ್ಯಾಡ ಅಂದ ದಿನಾನ ನಾ ಕತ್ತಿ ಮಡಚೇನ್ರಿ. ಇಪ್ಪತ್ತೈದು ವರ್ಸ ಆ ತಲಿ ನನ್ನ ಕೈಯಾಗಿತ್ತು, ಒಂದ ದಿನಾ ರಗತ ಕಾಣಿಸಿಲ್ಲ. ಈಗ ಬಾಯಿ ಇಲ್ಲದಾಕಿನ್ನ ಬೋಳಿಸು ಅಂದ್ರ ಹ್ಯಾಂಗ್ರಿ?" ಎಂದ. ಕಾಕಾ ರೇಗಿ, "ನಿನ್ನ ಕರೆಸಿದ್ದು ಕ್ಷೌರಕ್ಕ, ವೇದಾಂತಕ್ಕಲ್ಲ" ಎಂದರು. ಅವನು ಸಿಟ್ಟಾಗದೆ, "ವೇದಾಂತ ನಿಮ್ಮದ್ರಿ ಸಾಹೇಬ್ರ, ನಂದು ಬರೇ ಕತ್ತಿ. ಒಲ್ಲೆ ಅಂತ ಹೇಳಿ ಹೋಗಾಕಷ್ಟ ಬಂದೇನಿ" ಎಂದ. ಹಲಗೇರಿಯಿಂದ ಬೇರೆಯವನನ್ನು ಕರೆಸುತ್ತೇನೆಂದು ಕಾಕಾ ಹೆದರಿಸಿದರು. "ಕರಸ್ರಿ. ಅಂವಾ ಬರೂತನಕ ಹೊತ್ತು ಮುಣಗತೈತಿ" ಎಂದು ಬಿಸಿಲು ನೋಡಿದ. ಅಷ್ಟೂ ಗಂಡಸರಲ್ಲಿ, ವಕೀಲರು, ಆಚಾರ್ಯರು, ಮಾಸ್ತರರು ಎಲ್ಲ ಕೂತ ಮನೆಯಲ್ಲಿ, ನಿನ್ನ ತಾಯಿಯ ಪರವಾಗಿ ನಿಂತವನು ಅವನೊಬ್ಬ. ಕಡೆಗೆ ಕಾಕಾ ಅತ್ತಿಗೆಯ ಹೆಸರಿನಲ್ಲೇ ಹೊಸ ವರಸೆ ತೆಗೆದರು: "ವೈನೀನ ಕಡೀಕ ಪ್ರಾಯಶ್ಚಿತ್ತ ಮಾಡಸ್ರಿ ಅಂದಿದ್ಲು." ಆಚಾರ್ಯರು ಎದ್ದು ಕೂತು, "ಹಂಗ ಬಾಯಿಂದ ಬಂದಿದ್ರ ದೋಷನ ಇಲ್ಲ" ಎಂದರು. ಗುಡದಪ್ಪ ನಂಬಲಿಲ್ಲ. ಖರೇ ಅಂದಿದ್ದರೋ ಇಲ್ಲವೋ ತನಗೆ ತಿಳಿಯಬೇಕು ಎಂದ. ಅವನಿಗೆ ಬೇಕಾದ ಮಾತು ಸಿಕ್ಕಿತು. ಅವನು ಚೀಲ ಬಿಚ್ಚಿದ. "ಬಿಸಿನೀರು ಕೊಡ್ರಿ, ಅವ್ವಾರಿಗೆ ತಣ್ಣೀರು ಒಗ್ಗೂದಿಲ್ಲ" ಎಂದು ಕೇಳಿದ. ಜಡೆ ಬಿಗಿಯಾಗಿದ್ದುದರಿಂದ ಬಿಚ್ಚಲು ಹೊತ್ತು ಹಿಡಿಯಿತು. ಇದಕ್ಕಿಂತ ಹೆಚ್ಚು ಬರೆಯಲಾರೆ. ಅಸ್ಥಿಯನ್ನು ಐರಣಿಯ ಹೊಳೆಯಲ್ಲಿ ಬಿಟ್ಟರು.

ಆಮೇಲಿನದು ನನಗೆ ಅದಕ್ಕಿಂತ ಅಸಹ್ಯ. ಮಾತಾಡಿಸಲು ಬಂದ ಹೆಂಗಸರು ನನ್ನ ಕೈ ಹಿಡಿದು, "ಕಡೀಕ್ಕರ ಬುದ್ಧಿ ಬಂತಲ್ಲವಾ ನಿಮ್ಮ ಅತ್ತಿಗೆ, ಛಲೋ ಆತು" ಎನ್ನುತ್ತಿದ್ದರು. ತಾಯಿ ಸತ್ತವರ ಮನೆಗೆ ಸಮಾಧಾನ ಹೇಳಲು ಬಂದು ಸತ್ತವಳನ್ನೇ ಸೋಲಿಸಿ ಹೋಗುವುದು ಎಂಥ ರೀತಿ? ಹದಿಮೂರನೆಯ ದಿನ ಕಾಕಾ ಪಂಕ್ತಿ ಪಂಕ್ತಿಗೂ ಕಥೆ ಬೆಳೆಸುತ್ತ ಹೋದರು. ಮೊದಲನೆಯ ಪಂಕ್ತಿಯಲ್ಲಿ ಅತ್ತೆ ಕೇಳಿಕೊಂಡಿದ್ದರು; ಎರಡನೆಯದರಲ್ಲಿ ಕಣ್ಣೀರು ಹಾಕಿದ್ದರು; ಮೂರನೆಯ ಪಂಕ್ತಿ ಏಳುವ ಹೊತ್ತಿಗೆ ಆಚಾರ್ಯರ ಕಾಲನ್ನೇ ಹಿಡಿದುಬಿಟ್ಟಿದ್ದರು. ಆಚಾರ್ಯರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಇಲ್ಲ ಎನ್ನಲಿಲ್ಲ. ಯಾರಿಗಾಗಿ ಈ ಕಥೆ ಎಂದು ನನಗೆ ಆಗ ಹೊಳೆಯಲಿಲ್ಲ. ಅಡಿಗೆಮನೆಯಲ್ಲಿ ತುಂಗಾ ಎಲೆ ಒರೆಸುತ್ತ ಕೂತಿದ್ದಳು; ಸೆರಗಿನ ಕೆಳಗೆ ಅವಳ ದಪ್ಪ ತುರುಬು ಕಾಣುತ್ತಿತ್ತು. ಹತ್ತಿರ ಸರಿದು, "ಇಂದಿರಕ್ಕಾ, ದೊಡ್ಡತ್ತಿ ಖರೇನ ಹಂಗ ಅಂದ್ರೇನು?" ಎಂದಳು. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಹೊರಗೆ ಯಾರೋ ಕರೆದರೆಂದು ಎದ್ದು ಹೋದೆ. ಯಾರೂ ಕರೆದಿರಲಿಲ್ಲ.

ನಿನ್ನ ಅಣ್ಣ ಪತ್ರ ಓದಿ ತೋರಿಸಿದ ದಿನ ನಾನು ಕೇಳಿದೆ: "ಸುಲಭಾಗ ಯಾಕ ಹಂಗ ಬರದ್ರಿ?" ಅವರು ಕನ್ನಡಕ ತೆಗೆದು ಒರೆಸಿ, "ಆಕಿಗೆ ಸಮಾಧಾನ ಆಗ್ತದ. ಮತ್ತ ನಾ ಕಿವಿಯಾರೆ ಕೇಳಿದ್ದನ್ನ ಬರದೇನಿ" ಎಂದರು. ಅವರು ಕೆಟ್ಟವರಲ್ಲ, ಸುಲಭಾ. ನೀನೂ ಅವರನ್ನು ಬಲ್ಲೆ. ತಾಯಿಯ ಹಾಸಿಗೆ ಇದ್ದ ಜಾಗದಲ್ಲಿ ಈಗ ಅವರೇ ಚಾಪೆ ಹಾಕಿಕೊಂಡು ಮಲಗುತ್ತಾರೆ. ಆದರೆ ಕೆಟ್ಟವರಲ್ಲದವರೇ ಸೇರಿ ಇಂಥದನ್ನು ಮಾಡಬಲ್ಲರು ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ. ಮಂತ್ರವಿಲ್ಲದೆ ಸುಟ್ಟಿದ್ದರೆ ಏನಾಗುತ್ತಿತ್ತು? ನಾವು ನಾಲ್ಕು ಜನ, ಜಯವ್ವನ ಮನೆಯ ನಾಲ್ಕು ಜನ ಹೊತ್ತಿದ್ದರೆ ಆಗುತ್ತಿರಲಿಲ್ಲವೇ? ಆ ಪ್ರಶ್ನೆಯನ್ನು ಆ ದಿನ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಇಂಗ್ಲಿಷು ಕಲಿತು, ಹುಡುಗಿಯರಿಗೆ ಶಾಲೆಯಲ್ಲಿ ದಿನವೂ ಧೈರ್ಯದ ಪಾಠ ಹೇಳಿ, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ.

ನಿನ್ನ ದುಃಖಕ್ಕೆ ನಾನು ಏನು ಹೇಳಿದರೂ ಸಾಲದು. ಆದರೆ ನಿನ್ನ ತಾಯಿ ತಲೆ ತಗ್ಗಿಸಿ ಹೋಗಲಿಲ್ಲ; ಇಷ್ಟನ್ನು ಭದ್ರವಾಗಿ ಇಟ್ಟುಕೋ. ಮನೆಯವರಿಗೆ ನನ್ನ ನಮಸ್ಕಾರ. ಬಾಣಂತಿಗೂ ಕೂಸಿಗೂ ಈ ಮಾಮಿಯ ತುಂಬು ಆಶೀರ್ವಾದ. ಕೂಸು ಅಜ್ಜಿಯಷ್ಟು ಹಟಮಾರಿಯಾಗಲಿ. ನಿನ್ನ ಮೈ ಕಡೆಗೆ ಲಕ್ಷ್ಯವಿರಲಿ.

ನಿನ್ನ
ಇಂದಿರಾ

ತಾ.ಕ.: ಪತ್ರ ಮುಚ್ಚಿ ಅಂಟಿಸಿಯಾಗಿತ್ತು; ಒಡೆದು ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡ. ಈಗಷ್ಟೇ ಬ್ಯಾಡಗಿಯಿಂದ ಬಂದವರೊಬ್ಬರ ಕೈಯಲ್ಲಿ ತುಂಗಾಳ ಚೀಟಿ ಬಂತು. ಬರುವ ಬುಧವಾರ ಅವಳ ತಲೆ ಬೋಳಿಸುತ್ತಾರಂತೆ. ಇಲ್ಲಿಯವರೆಗೆ ಒಪ್ಪದಿದ್ದ ಹಾವೇರಿಯ ಅವಳ ತಂದೆ, ಅತ್ತೆಯ ಹೆಸರು ಹೇಳಿ, ಕಾಶೀಬಾಯಿಯಂಥವರೇ ಕಡೆಗೆ ಒಪ್ಪಿದ ಮೇಲೆ ನಮ್ಮದೇನು ಎಂದು ಒಪ್ಪಿಕೊಂಡರಂತೆ. ಸುಲಭಾ, ಗುಡದಪ್ಪನಿಗೆ ಬೇಕಾದ ಮಾತು ಸಿಕ್ಕಿತು ಎಂದು ಮೇಲೆ ಬರೆದು ದಾಟಿಬಿಟ್ಟಿದ್ದೇನೆ. ಕೊಟ್ಟವಳು ನಾನು. ಅವನು ಕಾಕಾನ ಮಾತು ನಂಬದೆ ಬಾಗಿಲಲ್ಲಿದ್ದ ನನ್ನ ಕಡೆ ತಿರುಗಿ, "ಅಕ್ಕಾರ, ನಮ್ಮ ಮೊಮ್ಮಗಳು ನಿಮ್ಮ ಸಾಲ್ಯಾಗ ಕಲೀತಾಳ, ನೀವು ಸುಳ್ಳು ಹೇಳಾಂಗಿಲ್ಲ. ಅವ್ವಾರು ಖರೇ ಹಂಗ ಅಂದ್ರೇನ್ರಿ?" ಎಂದು ಕೇಳಿದ. ಬಿಸಿಲು ಏರಿತ್ತು, ನೊಣ ಬರುತ್ತಿದ್ದವು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಒಮ್ಮೆ ಮುಗಿದುಹೋಗಲಿ ಅನ್ನಿಸಿತು. ಹೂಂ ಅಂದೆ. ನಿನ್ನ ಅಣ್ಣ ಕಿವಿಯಾರೆ ಕೇಳಿದ್ದು ಅದನ್ನೇ. ನಾಳೆ ಬೆಳಗಿನ ಆರೂವರೆಯ ಗಾಡಿಗೆ ಬ್ಯಾಡಗಿಗೆ ಹೊರಟಿದ್ದೇನೆ; ಅಲ್ಲಿಂದ ಹಾವೇರಿಗೆ. ಮನೆಯಲ್ಲಿ ಹೇಳಿದ್ದೇನೆ, ಅವರು ಬೇಡವೆನ್ನಲಿಲ್ಲ, ಬರುತ್ತೇನೆಂದೂ ಅನ್ನಲಿಲ್ಲ. ಕಾಕಾನ ಪಡಸಾಲೆಯಲ್ಲಿ, ತುಂಗಾಳ ಎದುರಿಗೆ, ಅವಳ ತಂದೆಯ ಎದುರಿಗೆ, ಸುಳ್ಳು ಹೇಳಿದವಳು ನಾನು ಎಂದು ಹೇಳುತ್ತೇನೆ. ನನ್ನನ್ನು ನಂಬುತ್ತಾರೋ ಇಲ್ಲವೋ ತಿಳಿಯದು. ಒಂದು ಹೂಂ ನಂಬುವುದಕ್ಕೆ ಅವರಿಗೆ ಒಂದು ಕ್ಷಣವೂ ಹಿಡಿಯಲಿಲ್ಲ. ನನ್ನ ಮೇಲಿನ ಸಿಟ್ಟನ್ನು ಆಮೇಲೆ ಪುರಸೊತ್ತಾಗಿ ಬರೆ, ನಾನು ಓದುತ್ತೇನೆ. ಈ ಪತ್ರ ಸಿಕ್ಕ ತಾಸಿನಲ್ಲಿ ಕಾಕಾನಿಗೆ ಒಂದು ತಂತಿ ಹೊಡಿ: ನನ್ನ ಅವ್ವ ಹಾಗೆ ಕೇಳಿರಲಿಲ್ಲ ಎಂದು. ಬುಧವಾರದೊಳಗೆ ಮುಟ್ಟದೆ ಹೋಗಬಹುದು, ಆದರೂ ಹೊಡಿ. — ಇಂ.